ಕೀಲುಳ್ಳ ಉಗಿ ಇಂಜಿನ್ನನ್ನು ಓದುವ ಬಗೆ: ನ್ಯಾರೋಗೇಜ್ ಹಳಿಯ ಪಕ್ಕ ನಿಲ್ಲುವವರಿಗೆ

ಎರಡು ಜೊತೆ ಸಿಲಿಂಡರ್‌ಗಳನ್ನು ಹೊತ್ತು, ತಿರುವಿಗೆ ತಕ್ಕಂತೆ ನಡು ಬಳುಕಿಸಿ ಸಾಗುವ ಉಗಿ ಇಂಜಿನ್ನನ್ನು ಮೊದಲ ಸಲ ಕಂಡವರು ಸಾಮಾನ್ಯವಾಗಿ ಗಾಲಿಗಳನ್ನು ಎಣಿಸಲು ತೊಡಗುತ್ತಾರೆ. ಎಣಿಸುವುದು ತಪ್ಪಲ್ಲ, ಆದರೆ ಅದರಿಂದ ತಿಳಿಯುವುದು ಕಡಿಮೆ. ಒಂದೇ ಗಾಲಿಲೆಕ್ಕದ ಎರಡು ಇಂಜಿನ್‌ಗಳು ಒಳಗಿನ ಏರ್ಪಾಟಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾಗಿರಬಲ್ಲವು. ನಾನು ಸೂಚಿಸುವ ಕ್ರಮ ಬೇರೆ. ಮೊದಲು ಬಾಯ್ಲರ್ ಯಾವುದರ ಮೇಲೆ ಕೂತಿದೆ ಎಂದು ನೋಡಬೇಕು. ಆಮೇಲೆ, ಬಾಯ್ಲರಿನಿಂದ ಹೊರಟ ಉಗಿ ಸಿಲಿಂಡರ್ ಸೇರುವ ಮುನ್ನ ಅಲುಗಾಡುವ ಕೀಲನ್ನು ಎಲ್ಲಿ, ಯಾವ ಒತ್ತಡದಲ್ಲಿ ದಾಟುತ್ತದೆ ಎಂದು ಹುಡುಕಬೇಕು. ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಇಂಜಿನ್ನಿನ ಜಾತಿ, ಅದರ ಶಕ್ತಿ, ಅದರ ದೌರ್ಬಲ್ಯ ಮೂರೂ ತಾವಾಗಿ ತೆರೆದುಕೊಳ್ಳುತ್ತವೆ.

ಇಂಥ ಇಂಜಿನ್ ಏಕೆ ಬೇಕಾಯಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಬೆಟ್ಟದ ಮಗ್ಗುಲಲ್ಲಿ ಹಾಸಿದ ಕಿರುಹಳಿಯ ತಿರುವುಗಳು ಬಿಗಿಯಾಗಿರುತ್ತವೆ, ಹಳಿಗಳು ತೆಳುವಾಗಿರುತ್ತವೆ. ತಿರುವು ಬಿಗಿಯಾದಷ್ಟೂ ಒಂದೇ ಗಟ್ಟಿ ಚೌಕಟ್ಟಿನಲ್ಲಿ ಸಾಲಾಗಿ ಇಡಬಹುದಾದ ಗಾಲಿಗಳ ಸಂಖ್ಯೆ ಇಳಿಯುತ್ತದೆ. ಹಳಿ ತೆಳುವಾದಷ್ಟೂ ಪ್ರತಿ ಅಚ್ಚಿನ ಮೇಲೆ ಹೊರಿಸಬಹುದಾದ ಭಾರ ತಗ್ಗುತ್ತದೆ. ಆದರೆ ಏರಿನಲ್ಲಿ ಎಳೆಯಲು ಬೇಕಾದದ್ದು ಹೆಚ್ಚು ಗಾಲಿಗಳು ಮತ್ತು ಹೆಚ್ಚು ಭಾರ. ಟಾಸ್ಮೇನಿಯಾದ ನಾರ್ತ್ ಈಸ್ಟ್ ಡಂಡಾಸ್ ಟ್ರಾಮ್‌ವೇಯಲ್ಲಿ ತಿರುವಿನ ತ್ರಿಜ್ಯ 99 ಅಡಿಗೆ, ಅಂದರೆ ಸುಮಾರು 30 ಮೀಟರಿಗೆ ಇಳಿಯುತ್ತಿತ್ತು, ಏರು 25ಕ್ಕೆ 1ರಷ್ಟಿತ್ತು. ಅಲ್ಲಿ ಗಾಲಿಗಳನ್ನು ಎರಡು ಗುಂಪಾಗಿ ಒಡೆದು, ಗುಂಪುಗಳು ತಮ್ಮ ಪಾಡಿಗೆ ತಿರುಗುವಂತೆ ಕೀಲು ಹಾಕುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಪದದ ಬಗ್ಗೆ ಒಂದು ಮಾತು. ಒಂದು ಜೊತೆ ಸಿಲಿಂಡರ್, ಅದು ನಡೆಸುವ ಗಾಲಿಗಳು ಮತ್ತು ಇವೆರಡನ್ನೂ ಹಿಡಿದಿರುವ ಚೌಕಟ್ಟು, ಈ ಮೂರನ್ನು ಕೂಡಿಸಿ ಇಲ್ಲಿ ‘ಗಾಲಿಕಟ್ಟು’ ಎಂದು ಕರೆದಿದ್ದೇನೆ. ಬೋಗಿ ಎಂಬ ಪದ ನಮ್ಮ ಮಾತಿನಲ್ಲಿ ಪ್ರಯಾಣಿಕರ ಡಬ್ಬಿಗೇ ನಿಂತುಹೋಗಿರುವುದರಿಂದ ಅದನ್ನು ಬಳಸಿದರೆ ಗೊಂದಲವಾಗುತ್ತದೆ.

ಮೊದಲು ಕೀಲು ನಿಜವಾಗಿ ಇದೆಯೇ ನೋಡಿ

ನಾಲ್ಕು ಸಿಲಿಂಡರ್ ಕಂಡ ಮಾತ್ರಕ್ಕೆ ಇಂಜಿನ್ ಕೀಲುಳ್ಳದ್ದು ಎಂದುಕೊಳ್ಳಬಾರದು. ಈ ತಪ್ಪಿಗೆ ಅತ್ಯುತ್ತಮ ಉದಾಹರಣೆ ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ವರ್ಗದ ಇಂಜಿನ್. ಅದರ ಎರಡೂ ಪಕ್ಕದಲ್ಲಿ ಒಂದರ ಮೇಲೊಂದು ಸಿಲಿಂಡರ್‌ಗಳಿವೆ, ಒಟ್ಟು ನಾಲ್ಕು. ಆದರೆ ಎಲ್ಲವೂ ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದವು. ಕೆಳಗಿನ ಜೊತೆ ಹಳಿಯ ಮೇಲಿನ ಗಾಲಿಗಳನ್ನು ನಡೆಸಿದರೆ ಮೇಲಿನ ಜೊತೆ ಹಲ್ಲುಹಳಿಗೆ ಕಚ್ಚಿಕೊಳ್ಳುವ ಹಲ್ಲುಗಾಲಿಗಳನ್ನು ನಡೆಸುತ್ತದೆ. ಅಲ್ಲಿ ಉಗಿ ಯಾವ ಕೀಲನ್ನೂ ದಾಟಬೇಕಿಲ್ಲ.

ಇದಕ್ಕೆ ತಿರುಗುಮುರುಗಾದ ಮೋಸವೂ ಉಂಟು. ಮಾಥೇರಾನ್ ರೈಲಿಗೆ ಒರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿ ಕಟ್ಟಿಕೊಟ್ಟ ಆರು ಗಾಲಿಯ ಪುಟ್ಟ ಇಂಜಿನ್‌ಗಳು ಅತಿ ಬಿಗಿಯಾದ ತಿರುವುಗಳಲ್ಲಿ ಸಲೀಸಾಗಿ ತಿರುಗುತ್ತಿದ್ದವು, ಆದರೂ ಅವು ಕೀಲುಳ್ಳವಲ್ಲ. ಅವುಗಳ ತುದಿಯ ಅಚ್ಚುಗಳು ಟೊಳ್ಳು. ಗಟ್ಟಿ ಒಳದಂಡದ ಸುತ್ತ ಕೂತ ಟೊಳ್ಳು ಅಚ್ಚು ಗಾಲಿಗಳೊಡನೆ ತುಸು ಓರೆಯಾಗಬಲ್ಲದು. ಕ್ಲೀನ್-ಲಿಂಡ್ನರ್ ಎಂಬ ಈ ಏರ್ಪಾಟು ಚೌಕಟ್ಟನ್ನು ಒಡೆಯದೆಯೇ ಗಾಲಿಗಳಿಗೆ ಬಳುಕು ಕೊಟ್ಟಿತು.

ತೈವಾನಿನ ಅಲಿಶಾನ್ ಅರಣ್ಯ ರೈಲಿನ 762 ಮಿ.ಮೀ. ಹಳಿಯ ಮೇಲೆ ಪ್ರಸಿದ್ಧವಾದ ಶೇ ಇಂಜಿನ್ ಇನ್ನೂ ಕುತೂಹಲದ ಗಡಿಯಲ್ಲಿ ನಿಲ್ಲುತ್ತದೆ. ಅದರ ಗಾಲಿಗಳೆಲ್ಲ ತಿರುಗುವ ಚೌಕಟ್ಟುಗಳಲ್ಲೇ ಇವೆ. ಆದರೆ ಸಿಲಿಂಡರ್‌ಗಳು ಬಲಪಕ್ಕದಲ್ಲಿ ನೆಟ್ಟಗೆ ನಿಂತು ಮುಖ್ಯ ಚೌಕಟ್ಟಿಗೆ ಬಿಗಿದುಕೊಂಡಿವೆ, ಅವುಗಳ ಭಾರವನ್ನು ಸರಿದೂಗಿಸಲು ಬಾಯ್ಲರನ್ನು ಎಡಕ್ಕೆ ಸರಿಸಿ ಕೂರಿಸಲಾಗಿದೆ. ಶಕ್ತಿ ಹರಿಯುವುದು ಹಳಿಗುಂಟ ಚಾಚಿದ ದಂಡ, ಅದರ ಬಾಗುಕೀಲುಗಳು ಮತ್ತು ಹಲ್ಲುಚಕ್ರಗಳ ಮೂಲಕ. ಇಲ್ಲಿ ಕೀಲು ದಾಟುವುದು ಉಗಿಯಲ್ಲ, ಸುತ್ತುವ ದಂಡ. ಹಾಗಾಗಿ ನಾನು ಇದನ್ನು ಬೇರೆ ಮನೆತನವೆಂದೇ ಎಣಿಸುತ್ತೇನೆ.

ಪರೀಕ್ಷೆ ಸರಳ. ಗಾಲಿಗಳನ್ನು ಜೋಡಿಸುವ ಅಡ್ಡಸರಳುಗಳು ಎಲ್ಲಿ ಮುರಿದು ಎರಡಾಗುತ್ತವೆ ಎಂದು ನೋಡಿ, ಆ ಜಾಗದಲ್ಲಿ ಕಣ್ಣನ್ನು ಮೇಲಕ್ಕೆತ್ತಿ. ಚೌಕಟ್ಟೂ ಅಲ್ಲೇ ತುಂಡಾಗಿದ್ದು, ನಡುವೆ ಬಾಗುವ ಕೊಳವೆಯೋ ಗುಂಡುಕೀಲೋ ಕಂಡರೆ ನೀವು ಹುಡುಕುತ್ತಿರುವುದು ಸಿಕ್ಕಿದೆ. ನಿಂತ ಇಂಜಿನ್ನಿನಲ್ಲಿ ಸಹ ಈ ಕೀಲಿನ ಬಳಿ ಉಗಿಯ ತೆಳು ಎಳೆಯೊಂದು ಸುಳಿದಾಡುತ್ತಿರುತ್ತದೆ, ಅದರ ಕೆಳಗಿನ ಕಬ್ಬಿಣ ಸುತ್ತಲಿನದಕ್ಕಿಂತ ತೇವವಾಗಿ, ಎಣ್ಣೆ ಮತ್ತು ನೀರು ಬೆರೆತ ಕಂದುಬಣ್ಣದ ಹೊಳಪಿನಿಂದ ಕೂಡಿರುತ್ತದೆ. ಕಣ್ಣಿಗೆ ಕೊಳವೆ ಕಾಣದಿದ್ದಾಗ ಈ ಒದ್ದೆ ಗುರುತೇ ದಾರಿ ತೋರಿಸುತ್ತದೆ. ಇದನ್ನೆಲ್ಲ ಪ್ಲಾಟ್‌ಫಾರಂ ಮೇಲಿಂದಲೇ ನೋಡಬಹುದು. ಹಳಿಗಿಳಿದು ಬಗ್ಗಿ ನೋಡುವುದಾದರೆ ಸಿಬ್ಬಂದಿಯ ಒಪ್ಪಿಗೆ ಪಡೆದೇ ಇಳಿಯಬೇಕು.

ಬಾಯ್ಲರ್ ಯಾವುದರ ಮೇಲಿದೆ, ಉಗಿ ಎಲ್ಲಿ ದಾಟುತ್ತದೆ

ಕಾಲದಲ್ಲಿ ಹಿರಿಯದಾದ ಫೇರ್ಲಿಯನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದಕ್ಕೆ ಎರಡು ಮುಖ. ರಾಬರ್ಟ್ ಫೇರ್ಲಿ 1864ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ನಡುವೆ ಬೆಂಕಿಗೂಡು, ಅದರ ಎರಡೂ ಕಡೆಗೆ ಒಂದೊಂದು ಬಾಯ್ಲರ್, ಎರಡೂ ತುದಿಯಲ್ಲಿ ಚಿಮಣಿ. ಕೆಳಗೆ ಎರಡು ಗಾಲಿಕಟ್ಟುಗಳು, ಎರಡೂ ತಿರುಗಬಲ್ಲವು. ವೇಲ್ಸಿನ ಫೆಸ್ಟಿನಿಯಾಗ್ ರೈಲಿನ 597 ಮಿ.ಮೀ. ಹಳಿಗಾಗಿ 1869ರಲ್ಲಿ ಕಟ್ಟಿದ ‘ಲಿಟಲ್ ವಂಡರ್’ ಮರುವರ್ಷದ ಪರೀಕ್ಷೆಗಳಲ್ಲಿ ತೋರಿದ ಬಲವನ್ನು ನೋಡಲು ರಷ್ಯಾದಿಂದ ನಿಯೋಗವೇ ಬಂದಿತ್ತು. ಅದೇ ರೈಲಿನ ಬಾಸ್ಟನ್ ಲಾಡ್ಜ್ ಕಾರ್ಯಾಗಾರದಲ್ಲಿ 1879ರಲ್ಲಿ ಕಟ್ಟಿದ ‘ಮೆರ್ಡಿನ್ ಎಮ್ರಿಸ್’ ಇಂದಿಗೂ ಅಲ್ಲಿಯದೇ. ಈ ಇಂಜಿನ್ನಿನ ಚಾಲಕಕೋಣೆಯನ್ನು ಗಮನವಿಟ್ಟು ನೋಡಿ: ಬೆಂಕಿಗೂಡು ಕೋಣೆಯ ನಡುವೆ ಗೋಡೆಯಂತೆ ನಿಂತಿರುವುದರಿಂದ ಚಾಲಕ ಒಂದು ಪಕ್ಕ, ಬೆಂಕಿಯಾಳು ಇನ್ನೊಂದು ಪಕ್ಕ, ಕಲ್ಲಿದ್ದಲು ಹಾಕುವ ಬಾಗಿಲುಗಳು ಪಕ್ಕಕ್ಕೆ ಮುಖಮಾಡಿವೆ. ಬೆಂಕಿಗೂಡು ನಟ್ಟನಡುವೆ ಇರುವುದರಿಂದ ಏರಿನಲ್ಲಿ ಇಂಜಿನ್ ಓರೆಯಾದಾಗಲೂ ಅದರ ನೆತ್ತಿಯ ಮೇಲಿನ ನೀರಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ, ಇದು ಬೆಟ್ಟದ ಹಾದಿಯಲ್ಲಿ ದೊಡ್ಡ ನೆಮ್ಮದಿ. ಬೆಲೆ ತೆರಬೇಕಾದದ್ದು ಕೀಲಿನಲ್ಲಿ: ಎರಡೂ ಗಾಲಿಕಟ್ಟುಗಳು ತಿರುಗುವುದರಿಂದ ಬಾಯ್ಲರಿನ ಪೂರ್ಣ ಒತ್ತಡದ ಉಗಿಯೇ ಎರಡು ಕಡೆ ಅಲುಗಾಡುವ ಜೋಡಣೆಯನ್ನು ದಾಟಬೇಕು.

ಅನತೋಲ್ ಮ್ಯಾಲೆ ಈ ಕಷ್ಟವನ್ನೇ ಹಿಡಿದು ಬಿಡಿಸಿದ. 1884ರ ಪೇಟೆಂಟಿನ ಮ್ಯಾಲೆ ಇಂಜಿನ್ನಿನಲ್ಲಿ ಹಿಂದಿನ ಗಾಲಿಕಟ್ಟು ತಿರುಗುವುದೇ ಇಲ್ಲ; ಬಾಯ್ಲರ್ ಅದಕ್ಕೆ ಗಟ್ಟಿಯಾಗಿ ಬಿಗಿದಿದೆ. ಮುಂದಿನದು ಮಾತ್ರ ಹಿಂದಿನದಕ್ಕೆ ಬಾಗಿಲ ತಿರುಗಣಿಯಂತೆ ಕೂಡಿಕೊಂಡು ಪಕ್ಕಕ್ಕೆ ಆಡುತ್ತದೆ, ಬಾಯ್ಲರಿನ ಮುಂಭಾಗ ಅದರ ಮೇಲೆ ಜಾರುವ ಆಸರೆಯಲ್ಲಿ ಕೂತಿರುತ್ತದೆ. ಹೊಸ ಉಗಿ ಹಿಂದಿನ ಚಿಕ್ಕ ಸಿಲಿಂಡರ್‌ಗಳಿಗೆ ಗಟ್ಟಿ ಕೊಳವೆಯಲ್ಲೇ ಹೋಗುತ್ತದೆ. ಅಲ್ಲಿ ದುಡಿದು ಒತ್ತಡ ಕಳೆದುಕೊಂಡ ಮೇಲೆಯೇ ಬಾಗುವ ಕೊಳವೆ ದಾಟಿ ಮುಂದಿನ ದೊಡ್ಡ ಸಿಲಿಂಡರ್‌ಗಳಿಗೆ ಬರುತ್ತದೆ. ಅಂದರೆ ಕೀಲಿಗೆ ಬರುವುದು ಅರ್ಧ ದಣಿದ ಉಗಿ, ಅದು ಸೋರುವುದೂ ಕಡಿಮೆ. ಇಷ್ಟು ಅಂದವಾದ ಪರಿಹಾರ ಈ ಇಡೀ ಕ್ಷೇತ್ರದಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಡೆಕೊವಿಲ್ ಕಂಪನಿ ನಡೆಸಿದ 600 ಮಿ.ಮೀ. ಹಳಿಯ ರೈಲು ಇಂಥ ಪುಟ್ಟ ಇಂಜಿನ್‌ಗಳಿಂದಲೇ ಜನರ ಕಣ್ಣಿಗೆ ಬಿದ್ದಿತು. ಜರ್ಮನಿಯ ಹಾರ್ಟ್ಸ್ ಬೆಟ್ಟದ ಮೀಟರ್ ಗೇಜ್‌ನಲ್ಲಿ ಯುಂಗ್ ಕಂಪನಿ 1897-98ರಲ್ಲಿ ಕಟ್ಟಿದ ಮ್ಯಾಲೆಗಳು ಉಳಿದುಕೊಂಡಿವೆ. ಅವುಗಳ ಎದುರು ನಿಂತಾಗ ಮುಂದಿನ ಸಿಲಿಂಡರಿನ ವ್ಯಾಸವನ್ನು ಹಿಂದಿನದರೊಡನೆ ಕಣ್ಣಳತೆಯಲ್ಲಿ ಹೋಲಿಸಿ. ಮುಂದಿನದು ಎದ್ದುಕಾಣುವಷ್ಟು ದಪ್ಪವಾಗಿದ್ದರೆ ಅದು ಕಾಂಪೌಂಡ್ ಮ್ಯಾಲೆ, ಅಂದರೆ ಒಂದೇ ಉಗಿಯನ್ನು ಎರಡು ಸಲ ದುಡಿಸುವ ಮ್ಯಾಲೆ, ಎನ್ನುವುದರಲ್ಲಿ ಅನುಮಾನವಿಲ್ಲ.

ಕಾಂಪೌಂಡ್ ಮ್ಯಾಲೆಗೆ ಇನ್ನೊಂದು ಗುಣವಿದೆ. ಮುಂದಿನ ಗಾಲಿಗಳು ಜಾರಿ ಸುತ್ತತೊಡಗಿದರೆ ನಡುವಿನ ಕೊಳವೆಯ ಉಗಿ ಬೇಗ ಮುಗಿದು ಅವು ತಾವೇ ಸುಧಾರಿಸುತ್ತವೆ; ಹಿಂದಿನವು ಜಾರಿದರೆ ಅದೇ ಕೊಳವೆಯಲ್ಲಿ ಉಗಿ ಕಿಕ್ಕಿರಿದು ಎದುರೊತ್ತಡವಾಗಿ ಅವನ್ನು ತಡೆಯುತ್ತದೆ.

ಮೇಯರ್ ವಿನ್ಯಾಸದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಬಾಯ್ಲರ್ ಒಂದೇ, ಅದು ಉದ್ದನೆಯ ಚೌಕಟ್ಟಿನ ಮೇಲೆ. ಚೌಕಟ್ಟಿನ ಕೆಳಗೆ ಫೇರ್ಲಿಯಂತೆ ಎರಡೂ ಗಾಲಿಕಟ್ಟುಗಳು ತಿರುಗುತ್ತವೆ. ಇದರ ಗುರುತು ಸಿಲಿಂಡರ್‌ಗಳಲ್ಲಿದೆ: ಸ್ಯಾಕ್ಸನಿಯ 750 ಮಿ.ಮೀ. ಹಳಿಗಳ ನಾಲ್ಕನೇ ಕೆ ವರ್ಗದಲ್ಲಿ ಅವು ಇಂಜಿನ್ನಿನ ನಡುವೆ ಒಂದಕ್ಕೊಂದು ಎದುರುಬದುರಾಗಿ ನಿಂತಿವೆ. 1892ರಿಂದ 1921ರವರೆಗೆ ಈ ವರ್ಗದ 96 ಇಂಜಿನ್‌ಗಳನ್ನು ಕಟ್ಟಲಾಯಿತು, ಹಲವು ಇಂದಿಗೂ ಓಡುತ್ತಿವೆ. ಲೀಡ್ಸ್‌ನ ಕಿಟ್ಸನ್ ಕಂಪನಿ ಗಾಲಿಕಟ್ಟುಗಳನ್ನು ದೂರ ಸರಿಸಿ ನಡುವೆ ಬೆಂಕಿಗೂಡಿಗೆ ಜಾಗ ಮಾಡಿದ್ದರಿಂದ ಕಿಟ್ಸನ್-ಮೇಯರ್ ಹುಟ್ಟಿತು. ಕೆಲವು ಕಿಟ್ಸನ್-ಮೇಯರ್‌ಗಳಲ್ಲಿ ಕಲ್ಲಿದ್ದಲು ತೊಟ್ಟಿಯ ಹಿಂದೆ ಎರಡನೆಯ ಚಿಮಣಿಯೊಂದು ಇರುತ್ತದೆ, ಹಿಂದಿನ ಸಿಲಿಂಡರ್‌ಗಳ ಉಗಿ ಹೊರಬೀಳುವುದು ಅದರಿಂದ; ಅದನ್ನು ಕಂಡು ಫೇರ್ಲಿ ಎಂದುಕೊಳ್ಳಬೇಡಿ. ಕಾಲ್ಕಾ-ಶಿಮ್ಲಾ ರೈಲಿಗೆ 1928ರಲ್ಲಿ ಬಂದ ಟಿ.ಡಿ. ವರ್ಗ ಈ ಬಗೆಯದು. ಅದರ ಬಲಕ್ಕೆ ತಕ್ಕಷ್ಟು ಸರಕು ಕೂಡಿಹಾಕಲು ಎಷ್ಟೋ ಸಲ ಇಡೀ ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಸರಕು ರಸ್ತೆಯ ಪಾಲಾಗುತ್ತಿತ್ತು. ಕೊನೆಗೆ ಅವನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಇನ್ನು ಗ್ಯಾರಟ್. ಹರ್ಬರ್ಟ್ ವಿಲಿಯಂ ಗ್ಯಾರಟ್ ಎತ್ತಿಕೊಂಡ ಪ್ರಶ್ನೆ ಉಗಿಯ ಕೀಲಿನದಕ್ಕಿಂತ ಹೆಚ್ಚಾಗಿ ಬಾಯ್ಲರಿನದು. ಉಳಿದ ವಿನ್ಯಾಸಗಳಲ್ಲಿ ಬಾಯ್ಲರ್ ಗಾಲಿಗಳ ಮೇಲೇ ಕೂರಬೇಕು, ಆದ್ದರಿಂದ ಅದು ತೆಳುವಾಗಿ ಉದ್ದವಾಗುತ್ತದೆ, ಬೆಂಕಿಗೂಡು ಆಳವಿಲ್ಲದೆ ಇಕ್ಕಟ್ಟಾಗುತ್ತದೆ. ಗ್ಯಾರಟ್ ಗಾಲಿಕಟ್ಟುಗಳನ್ನು ಎರಡೂ ತುದಿಗೆ ಸರಿಸಿ, ನೀರನ್ನೂ ಕಲ್ಲಿದ್ದಲನ್ನೂ ಅವುಗಳ ಮೇಲೇ ಹೊರಿಸಿ, ಬಾಯ್ಲರನ್ನು ನಡುವೆ ಸೇತುವೆಯಂತೆ ತೂಗುಹಾಕಿದ. ಕೆಳಗೆ ಗಾಲಿಯೇ ಇಲ್ಲದ್ದರಿಂದ ಬಾಯ್ಲರ್ ಗಿಡ್ಡವಾಗಿ ದಪ್ಪವಾಗಿರಬಹುದು, ಬೆಂಕಿಗೂಡು ಹಳಿಯ ಹತ್ತಿರದವರೆಗೂ ಇಳಿಯಬಹುದು. ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ 1909ರಲ್ಲಿ ಕಟ್ಟಿದ ಮೊದಲ ಗ್ಯಾರಟ್ ‘ಕೆ 1’ ಹೋದದ್ದು ಮೇಲೆ ಹೇಳಿದ ಟಾಸ್ಮೇನಿಯಾದ 610 ಮಿ.ಮೀ. ಹಳಿಗೆ. ಅದು ಕಾಂಪೌಂಡ್ ಆಗಿತ್ತು, ಸಿಲಿಂಡರ್‌ಗಳು ಒಳತುದಿಗಳಲ್ಲಿದ್ದವು; ಒಂದು ಜೊತೆ ಚಾಲಕಕೋಣೆಯ ಕೆಳಗೇ ಬಂದು ಅಲ್ಲಿ ದುಡಿಯುವವರನ್ನು ಬೇಯಿಸುತ್ತಿತ್ತು. ಮುಂದಿನ ಗ್ಯಾರಟ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಂಡರ್‌ಗಳು ಹೊರತುದಿಗೆ ಹೋದವು. ಡಾರ್ಜಿಲಿಂಗ್ ಹಿಮಾಲಯ ರೈಲು ಬಹುಬೇಗನೆ, 1911ರ ಹೊತ್ತಿಗೇ, ಒಂದು ಗ್ಯಾರಟನ್ನು ತರಿಸಿಕೊಂಡಿತ್ತು.

ಕಿರುಹಳಿ ಎಂದರೆ ಕಿರು ಇಂಜಿನ್ ಎಂಬ ಎಣಿಕೆ ಗ್ಯಾರಟ್‌ನ ಮುಂದೆ ನಿಲ್ಲುವುದಿಲ್ಲ. ಪೂರ್ವ ಆಫ್ರಿಕಾದ ಮೀಟರ್ ಗೇಜ್‌ಗೆ 1955-56ರಲ್ಲಿ ಬಂದ 59ನೇ ವರ್ಗದ 34 ಇಂಜಿನ್‌ಗಳು ತಲಾ 252 ಟನ್ ತೂಗುತ್ತಿದ್ದವು. ಅವುಗಳಿಗೆ ಆ ಸೀಮೆಯ ಪರ್ವತಗಳ ಹೆಸರಿಟ್ಟಿದ್ದರು. ಅವುಗಳಲ್ಲೊಂದು, ‘ಮೌಂಟ್ ಗೆಲಾಯ್’, ನೈರೋಬಿಯ ರೈಲು ಸಂಗ್ರಹಾಲಯದಲ್ಲಿದೆ.

ತಿರುವಿನಲ್ಲಿ ಎಲ್ಲಿ ನಿಲ್ಲಬೇಕು

ನಿಂತ ಇಂಜಿನ್ ಹೇಳದ್ದನ್ನು ತಿರುವು ಹೇಳುತ್ತದೆ. ಮ್ಯಾಲೆಯನ್ನು ಎದುರಿನಿಂದ, ತಿರುವಿನ ಹೊರಬದಿಯ ಸುರಕ್ಷಿತ ದೂರದಲ್ಲಿ ನಿಂತು ನೋಡಿ: ಬಾಯ್ಲರ್ ಹಿಂದಿನ ಗಾಲಿಕಟ್ಟಿನ ದಿಕ್ಕಿನಲ್ಲೇ ನೆಟ್ಟಗೆ ಮುಂದಕ್ಕೆ ಚಾಚಿರುತ್ತದೆ, ಮುಂದಿನ ಗಾಲಿಗಳು ಹಳಿಯನ್ನು ಹಿಡಿದು ಒಳಕ್ಕೆ ತಿರುಗಿರುತ್ತವೆ, ಹಾಗಾಗಿ ಹೊಗೆಗೂಡಿನ ಮುಖ ಹಳಿಯ ನಡುಗೆರೆಯನ್ನು ಬಿಟ್ಟು ಹೊರಕ್ಕೆ ವಾಲಿದಂತೆ ತೂಗುತ್ತದೆ. ಗ್ಯಾರಟ್ ಇದಕ್ಕೆ ನೇರ ವಿರುದ್ಧ. ಅದರ ಬಾಯ್ಲರ್ ಎರಡು ಕೀಲುಗಳ ನಡುವೆ ಬಿಲ್ಲಿಗೆ ಕಟ್ಟಿದ ಹೆದೆಯಂತೆ ಇರುವುದರಿಂದ ತಿರುವಿನಲ್ಲಿ ಒಳಕ್ಕೆ ಸರಿಯುತ್ತದೆ. ವೇಗವಾಗಿ ತಿರುಗುವಾಗ ಭಾರ ಹೊರಕ್ಕೆ ಹೋಗಲೆಳಸುತ್ತದೆ, ಬಾಯ್ಲರಿನ ಭಾರವೇ ಒಳಗಿದ್ದರೆ ಇಂಜಿನ್ ಹೆಚ್ಚು ಸ್ಥಿರವಾಗಿರುತ್ತದೆ. ಗ್ಯಾರಟ್‌ಗಳು ತಿರುವಿನಲ್ಲಿ ಹಗುರವಾಗಿ ಸಾಗುತ್ತವೆ ಎಂಬ ಮಾತಿನ ಹಿಂದೆ ಈ ಕಾರಣವಿದೆ. ಒಳಬದಿಯಲ್ಲಿ ನಿಂತವರಿಗೆ ಇನ್ನೊಂದು ನೋಟ ಸಿಗುತ್ತದೆ: ನೀರಿನ ತೊಟ್ಟಿಯ ಹಿಂಬದಿಗೂ ಬಾಯ್ಲರಿನ ಮುಖಕ್ಕೂ ನಡುವಿನ ಸಂದು ತಿರುವಿನ ಒಳಬದಿಯಲ್ಲಿ ಕಿರಿದಾಗುತ್ತ ಹೊರಬದಿಯಲ್ಲಿ ಅಗಲವಾಗುತ್ತ ಹೋಗುತ್ತದೆ, ಇಂಜಿನ್ ನೇರ ಹಳಿಗೆ ಬಂದೊಡನೆ ಮತ್ತೆ ಸಮವಾಗುತ್ತದೆ. ಇದನ್ನು ಚೆನ್ನಾಗಿ ನೋಡಲು ವೆಲ್ಷ್ ಹೈಲ್ಯಾಂಡ್ ರೈಲಿನಲ್ಲಿ ಬೆಡ್‌ಗೆಲರ್ಟ್‌ನ ಮೇಲಿನ 40ಕ್ಕೆ 1ರ ಏರಿನಷ್ಟು ಒಳ್ಳೆಯ ಜಾಗ ಕಡಿಮೆ. ಅಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಎನ್.ಜಿ.ಜಿ. 16 ವರ್ಗದ ಗ್ಯಾರಟ್‌ಗಳು ಸುತ್ತುಸುತ್ತಾಗಿ ಏರುತ್ತವೆ, ಟಾಸ್ಮೇನಿಯಾದಿಂದ ಮರಳಿದ ‘ಕೆ 1’ ಕೂಡ ಅದೇ ರೈಲಿನಲ್ಲಿ ಓಡಿತ್ತು.

ಕಿವಿಯೂ ಸಾಕ್ಷಿ ಹೇಳುತ್ತದೆ. ಒಂದು ಗಾಲಿಕಟ್ಟಿನ ಎರಡು ಸಿಲಿಂಡರ್‌ಗಳು ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಚಿಮಣಿಯಲ್ಲಿ ಉಸಿರುಬಿಡುತ್ತವೆ. ಕಾಂಪೌಂಡ್ ಮ್ಯಾಲೆಯಲ್ಲಿ ಚಿಮಣಿಗೆ ಬರುವುದು ಮುಂದಿನ ಜೊತೆಯ ಉಗಿ ಮಾತ್ರ, ಆದ್ದರಿಂದ ಎಂಟು ಗಾಲಿಯ ಇಂಜಿನ್ನಾದರೂ ಕೇಳಿಸುವುದು ನಾಲ್ಕೇ ಮಿಡಿತ, ಅದೂ ಮೆತ್ತಗೆ. ಪೂರ್ಣ ಒತ್ತಡದ ಉಗಿಯನ್ನೇ ನಾಲ್ಕೂ ಸಿಲಿಂಡರ್‌ಗಳಿಗೆ ಕೊಡುವ ಗ್ಯಾರಟ್‌ನಲ್ಲಿ ಎಂಟು ಮಿಡಿತಗಳು ಒಂದೇ ಚಿಮಣಿಯಲ್ಲಿ ಕೂಡುತ್ತವೆ. ಎರಡು ಗಾಲಿಕಟ್ಟುಗಳಿಗೆ ಪರಸ್ಪರ ಕಟ್ಟುಪಾಡಿಲ್ಲ. ಗಾಲಿಗಳ ಸವೆತದಲ್ಲಿನ ಚೂರು ವ್ಯತ್ಯಾಸ, ಒಂದು ಸಣ್ಣ ಜಾರು, ಇಷ್ಟು ಸಾಕು ಅವು ತಾಳ ತಪ್ಪಲು. ಹೀಗಾಗಿ ನಾಲ್ಕು ಗಟ್ಟಿ ಹೊಡೆತಗಳಾಗಿ ಒಟ್ಟಿಗೆ ಕೇಳುತ್ತಿದ್ದ ಸದ್ದು ಮೆಲ್ಲಗೆ ಬಿರಿದು, ಎಂಟು ಚುರುಕು ಮಿಡಿತಗಳಾಗಿ ಹರಡಿ, ಸ್ವಲ್ಪ ದೂರ ಹೋದಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಕಣ್ಣುಮುಚ್ಚಿಕೊಂಡು ಕೇಳಲು ಇದಕ್ಕಿಂತ ಇಂಪಾದದ್ದನ್ನು ನಾನು ರೈಲಿನ ಲೋಕದಲ್ಲಿ ಅರಿಯೆ. ಜೋಡಿ ಫೇರ್ಲಿಯಲ್ಲಿ ಪ್ರತಿ ಗಾಲಿಕಟ್ಟೂ ತನ್ನ ಬದಿಯ ಚಿಮಣಿಗೇ ಉಸಿರುಬಿಡುವುದರಿಂದ ಎರಡು ಲಯಗಳು ಎರಡು ತುದಿಯಿಂದ ಬೇರೆಬೇರೆಯಾಗಿ ಬರುತ್ತವೆ. ಪಕ್ಕದಲ್ಲಿ ಹಾದುಹೋಗುವಾಗ ಅದು ಸ್ಪಷ್ಟವಾಗಿ ತಿಳಿಯುತ್ತದೆ.

ಕಾಗದದ ಮೇಲಿನ ಗುರುತುಗಳು

ಇಂಜಿನ್ನಿನ ಮುಂದಿರುವ ಫಲಕದಲ್ಲಿ ಗಾಲಿಲೆಕ್ಕವನ್ನು ಎರಡು ಪದ್ಧತಿಗಳಲ್ಲಿ ಬರೆದಿರಬಹುದು. ಗಾಲಿಗಳನ್ನು ಮುಂದಿನಿಂದ ಹಿಂದಕ್ಕೆ ಗುಂಪುಗುಂಪಾಗಿ ಎಣಿಸುವ ವೈಟ್ ಪದ್ಧತಿಯಲ್ಲಿ 0-4-4-0 ಎಂದಿದ್ದರೆ ಅದು ಮ್ಯಾಲೆಯೂ ಆಗಬಹುದು, ಫೇರ್ಲಿಯೂ ಆಗಬಹುದು. ನಡುವೆ ಕೂಡುಚಿಹ್ನೆ ಹಾಕಿ 0-4-0+0-4-0 ಎಂದು ಬರೆಯುವುದು ಹೆಚ್ಚಾಗಿ ಗ್ಯಾರಟ್‌ಗೆ. ಯುರೋಪಿನ ಪದ್ಧತಿ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಜೋಡಿಸಿದ ಅಚ್ಚುಗಳಿಗೆ ಅಕ್ಷರ, ಎರಡಕ್ಕೆ ‘ಬಿ’, ಮೂರಕ್ಕೆ ‘ಸಿ’. ಅಕ್ಷರದ ಪಕ್ಕದ ಮೇಲ್ಗೀರು ಆ ಗಾಲಿಕಟ್ಟು ತಿರುಗುತ್ತದೆ ಎಂಬುದರ ಗುರುತು. ಹಾರ್ಟ್ಸ್‌ನ ಮ್ಯಾಲೆ ಬಿ'ಬಿ, ಏಕೆಂದರೆ ಮುಂದಿನದು ಮಾತ್ರ ತಿರುಗುತ್ತದೆ. ಸ್ಯಾಕ್ಸನಿಯ ಮೇಯರ್ ಬಿ'ಬಿ', ಏಕೆಂದರೆ ಎರಡೂ ತಿರುಗುತ್ತವೆ. ಒಂದು ಗೀರಿನಲ್ಲಿ ಇಡೀ ವಿನ್ಯಾಸದ ಗುಟ್ಟು ಅಡಗಿದೆ. ಅದರ ನಂತರದ ಅಂಕಿ ಸಿಲಿಂಡರ್‌ಗಳ ಸಂಖ್ಯೆ, ಕೊನೆಯಲ್ಲಿ ‘ವಿ’ ಇದ್ದರೆ ಕಾಂಪೌಂಡ್, ‘ಟಿ’ ಇದ್ದರೆ ನೀರನ್ನು ತಾನೇ ಹೊತ್ತ ಇಂಜಿನ್.

ಸಿಲಿಂಡರಿನ ಅಳತೆ ಫಲಕದಲ್ಲಿದ್ದರೆ ಎಳೆಯುವ ಬಲವನ್ನೂ ನೀವೇ ಲೆಕ್ಕಹಾಕಬಹುದು. ಸಿಲಿಂಡರಿನ ವ್ಯಾಸದ ವರ್ಗವನ್ನು ಪಿಸ್ಟನ್ ಓಡುವ ದೂರದಿಂದಲೂ ಬಾಯ್ಲರ್ ಒತ್ತಡದಿಂದಲೂ ಗುಣಿಸಿ, ಚಾಲಕ ಗಾಲಿಯ ವ್ಯಾಸದಿಂದ ಭಾಗಿಸಿದರೆ ಒಂದು ಗಾಲಿಕಟ್ಟಿನ ಲೆಕ್ಕ ಬರುತ್ತದೆ. ಪೂರ್ಣ ಒತ್ತಡ ಪಿಸ್ಟನ್ನಿಗೆ ತಲುಪುವುದಿಲ್ಲವಾದ್ದರಿಂದ ಅದರ ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುವುದು ವಾಡಿಕೆ. ಎನ್.ಜಿ.ಜಿ. 16ರಲ್ಲಿ ವ್ಯಾಸ 12 ಅಂಗುಲ, ಓಟ 16 ಅಂಗುಲ, ಒತ್ತಡ ಚದರ ಅಂಗುಲಕ್ಕೆ 180 ಪೌಂಡ್, ಗಾಲಿ 33 ಅಂಗುಲ. 144ನ್ನು 16ರಿಂದ, ಆಮೇಲೆ 180ರಿಂದ ಗುಣಿಸಿ, ಮುಕ್ಕಾಲು ಪಾಲು ತೆಗೆದು 33ರಿಂದ ಭಾಗಿಸಿದರೆ ಸುಮಾರು 9,425 ಪೌಂಡ್. ಎರಡು ಗಾಲಿಕಟ್ಟಿಗೆ 18,850 ಪೌಂಡ್, ಅಂದರೆ ಸುಮಾರು ಎಂಟೂವರೆ ಟನ್ ಬಲ. ಈ ಸೂತ್ರ ಕಾಂಪೌಂಡ್ ಇಂಜಿನ್ನಿಗೆ ಹಾಗೆಯೇ ಒಗ್ಗುವುದಿಲ್ಲ, ಏಕೆಂದರೆ ಅಲ್ಲಿ ಎರಡು ಜೊತೆ ಸಿಲಿಂಡರ್‌ಗಳಿಗೂ ಒತ್ತಡ ಬೇರೆಬೇರೆ.

ಲೆಕ್ಕದ ಬಲ ಹಳಿಯ ಮೇಲೆ ಯಾವಾಗಲೂ ಸಿಗುವುದಿಲ್ಲ ಎಂಬುದಕ್ಕೆ ಗ್ಯಾರಟ್ ಒಳ್ಳೆಯ ಪಾಠ. ಅದರ ನೀರೂ ಕಲ್ಲಿದ್ದಲೂ ಚಾಲಕ ಗಾಲಿಗಳ ಮೇಲೇ ಇರುವುದರಿಂದ, ಅವು ಖರ್ಚಾದಂತೆ ಗಾಲಿಗಳ ಮೇಲಿನ ಭಾರವೂ ಇಳಿಯುತ್ತದೆ, ಹಿಡಿತವೂ ಸಡಿಲಾಗುತ್ತದೆ. ಆದ್ದರಿಂದ ಒಂದೇ ಇಂಜಿನ್ನನ್ನು ಒಂದೇ ಏರಿನಲ್ಲಿ ಎರಡು ಸಲ ನೋಡಿ: ತೊಟ್ಟಿ ತುಂಬಿಸಿಕೊಂಡು ಹೊರಟಾಗ ಒಮ್ಮೆ, ಮುಂದಿನ ನೀರಿನ ನಿಲ್ದಾಣ ಇನ್ನೂ ಬಾರದಿರುವಾಗ ಇನ್ನೊಮ್ಮೆ. ಹಳಿ ತೇವವಾಗಿದ್ದರೆ ಎರಡನೆಯ ಸಲ ಮುಂದಿನ ಗಾಲಿಕಟ್ಟು ಥಟ್ಟನೆ ಜಾರಿ ಸುತ್ತುವುದು, ಹಿಂದಿನದು ತನ್ನ ಲಯ ಬಿಡದೆ ಎಳೆಯುತ್ತಲೇ ಇರುವುದು, ಚಾಲಕ ಉಗಿಯ ಬಾಗಿಲನ್ನು ತುಸು ಮುಚ್ಚಿ ಮತ್ತೆ ತೆರೆಯುವುದು, ಇವೆಲ್ಲ ಕೆಲವೇ ಕ್ಷಣಗಳಲ್ಲಿ ನಡೆದುಹೋಗುತ್ತವೆ. ಯಾವ ಗಾಲಿಕಟ್ಟು ಜಾರಿತು ಎಂದು ಹೇಳಬಲ್ಲಿರಾದರೆ ಇಂಜಿನ್ನನ್ನು ಓದಲು ನಿಮಗೆ ಬಂದಿದೆ.